ಕಳ್ಳನ ಕೈಗೆ ಪಾಸ್‌ವರ್ಡ್ ಸಿಕ್ಕಮೇಲೆ: ಮೂರು ಫೈಲ್ ಸರ್ವರ್‌ಗಳ ಹೋಲಿಕೆ

ಫೈಲ್ ಕಳಿಸುವ ಸರ್ವರ್‌ಗಳನ್ನು ಹೋಲಿಸುವಾಗ ಮಾತು ಹೆಚ್ಚಾಗಿ ಎನ್‌ಕ್ರಿಪ್ಷನ್ ಹತ್ತಿರವೇ ನಿಂತುಬಿಡುತ್ತದೆ. ದಾರಿಯಲ್ಲಿ ಪಾಸ್‌ವರ್ಡ್ ಕದಿಯಲು ಆಗುತ್ತದಾ ಇಲ್ಲವಾ, ಅಷ್ಟೇ. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಬಳಕೆದಾರರ ಲ್ಯಾಪ್‌ಟಾಪಿನಿಂದಲೇ ಪಾಸ್‌ವರ್ಡ್ ಕಳುವಾದರೆ? ಆಗ ಎನ್‌ಕ್ರಿಪ್ಷನ್ ಕಳ್ಳನ ಸಂಪರ್ಕವನ್ನೂ ಅಷ್ಟೇ ಚೆನ್ನಾಗಿ ಕಾಪಾಡುತ್ತದೆ. ಹಾಗಾಗಿ ನಾನು ಬೇರೆ ಪ್ರಶ್ನೆ ಇಟ್ಟುಕೊಂಡು ಪರೀಕ್ಷೆ ಮಾಡಿದೆ: ಒಂದು ಸರಿಯಾದ ಖಾತೆ ಕಳ್ಳನ ಕೈಗೆ ಸಿಕ್ಕರೆ ಅವನು ಏನೇನು ಮಾಡಬಹುದು?

ಆರಿಸಿಕೊಂಡಿದ್ದು ಮೂರು. ಟಿಎಲ್‌ಎಸ್ ಎನ್‌ಕ್ರಿಪ್ಷನ್ ಹಾಕಿದ ವಿಎಸ್‌ಎಫ್‌ಟಿಪಿಡಿ (ಎಫ್‌ಟಿಪಿ ಅನ್ನುವ ಹಳೆಯ ಫೈಲ್ ಪದ್ಧತಿಯ ಸರ್ವರ್), ದೂರದ ಮಷೀನಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಜೊತೆಗೇ ಬರುವ ಫೈಲ್ ಸೇವೆ ಎಸ್‌ಎಫ್‌ಟಿಪಿ, ಮತ್ತೆ ಅದೇ ಸೇವೆ ಕೊಡುವ ಬೇರೊಂದು ಸರ್ವರ್ ಎಸ್‌ಎಫ್‌ಟಿಪಿಗೋ. ಮೂರನ್ನೂ ಒಂದೇ ಥರದ ಲಿನಕ್ಸ್ ವರ್ಚುವಲ್ ಮಷೀನ್‌ಗಳಲ್ಲಿ ಹಾಕಿದೆ, ಇಂಟರ್‌ನೆಟ್‌ಗೆ ತೆರೆಯಲಿಲ್ಲ. ಪ್ರತಿಯೊಂದರಲ್ಲೂ ಒಂದು ಸಾಧಾರಣ ಖಾತೆ ಮಾಡಿ, ಇನ್ನೊಂದು ಮಷೀನಿನಿಂದ ಅದೇ ಖಾತೆಯಲ್ಲಿ ಒಳಗೆ ಹೋಗಿ ಕಳ್ಳನ ಕೆಲಸ ಶುರು ಮಾಡಿದೆ. ಇಂಥ ಪರೀಕ್ಷೆಯನ್ನು ನಿಮ್ಮದೇ ಮಷೀನ್‌ಗಳ ಮೇಲೆ ಮಾತ್ರ ಮಾಡಿ. ಟಿಎಲ್‌ಎಸ್ ಇಲ್ಲದ ಬರೀ ಎಫ್‌ಟಿಪಿಯನ್ನು ನಾನು ಸೇರಿಸಿಕೊಳ್ಳಲೇ ಇಲ್ಲ. 1985ರ ಆರ್‌ಎಫ್‌ಸಿ 959 (ಇಂಟರ್‌ನೆಟ್ ಪದ್ಧತಿಗಳನ್ನು ವಿವರಿಸುವ ದಾಖಲೆಗಳಲ್ಲೊಂದು) ಹೇಳುವ ಆ ಪದ್ಧತಿಯಲ್ಲಿ ಪಾಸ್‌ವರ್ಡ್ ಯಾರು ಬೇಕಾದರೂ ಓದುವ ಹಾಗೆ ಹೋಗುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಅದನ್ನು ಕೈಬಿಟ್ಟವು.

ಮೊದಲು ವಿಎಸ್‌ಎಫ್‌ಟಿಪಿಡಿ. ಎಫ್‌ಟಿಪಿಗೆ ಅಂಟಿದ ಹಳೆಯ ಕಾಯಿಲೆ ಅಂದರೆ ಬೌನ್ಸ್ ದಾಳಿ. ಡೇಟಾವನ್ನು ಯಾವ ವಿಳಾಸಕ್ಕೆ ಕಳಿಸಬೇಕು ಅಂತ ಪೋರ್ಟ್ ಕಮಾಂಡಿನಲ್ಲಿ ಕ್ಲೈಂಟೇ ಹೇಳುತ್ತದೆ. ಅಲ್ಲಿ ಮೂರನೆಯವರ ವಿಳಾಸ ಕೊಟ್ಟರೆ ಸರ್ವರೇ ಹೋಗಿ ಅವರ ಬಾಗಿಲು ತಟ್ಟುತ್ತದೆ. ಬೈಸಿಕೊಳ್ಳುವುದು ಸರ್ವರ್ ಇಟ್ಟವರು. 1999ರ ಆರ್‌ಎಫ್‌ಸಿ 2577 ಈ ಬಗ್ಗೆ ಎಚ್ಚರಿಸಿತ್ತು. ನೆಟ್‌ವರ್ಕ್ ತಡಕುವ ಸಾಧನ ಎನ್‌ಮ್ಯಾಪ್‌ನಲ್ಲಿ ಇವತ್ತಿಗೂ ಇದಕ್ಕಾಗಿಯೇ ಒಂದು ಆಯ್ಕೆ ಇದೆ. ನಾನು ಬೇರೆ ಮಷೀನಿನ ವಿಳಾಸ ಕೊಟ್ಟಾಗ ವಿಎಸ್‌ಎಫ್‌ಟಿಪಿಡಿ 500 ಅನ್ನುವ ಉತ್ತರ ಕೊಟ್ಟು ನಿರಾಕರಿಸಿತು. ಇದಕ್ಕೆ ನಾವು ಏನೂ ಬರೆಯಬೇಕಾಗಿಲ್ಲ, ಮೊದಲಿಂದಲೇ ಹಾಗಿದೆ.

ಎಲ್ಲವೂ ಹಾಗಿಲ್ಲ. ಹೆಸರಿಲ್ಲದೆ ಲಾಗಿನ್ ಆಗುವ ಅನಾನಿಮಸ್ ಖಾತೆ ವಿಎಸ್‌ಎಫ್‌ಟಿಪಿಡಿಯ ಮೂಲದಲ್ಲಿ ಆನ್ ಆಗಿಯೇ ಇರುತ್ತದೆ. ಅದನ್ನು ಆಫ್ ಮಾಡುವ ಸಾಲು ಕಾನ್ಫಿಗ್ ಫೈಲಿನಲ್ಲಿ ಇರಲೇಬೇಕು. ಫೈಲ್ ಚೊಕ್ಕ ಮಾಡುವಾಗ ಯಾರಾದರೂ ಆ ಸಾಲು ಅಳಿಸಿದರೆ ಅನಾನಿಮಸ್ ಲಾಗಿನ್ ವಾಪಸ್ ಬರುತ್ತದೆ. ಅಂಥವರು ಬರೆಯಬಹುದಾದ ಫೋಲ್ಡರೂ ಒಂದಿದ್ದರೆ, ಕದ್ದ ಸಿನಿಮಾ, ಸಾಫ್ಟ್‌ವೇರ್ ಹಂಚುವವರಿಗೆ ಅದು ಪುಕ್ಕಟೆ ಗೋದಾಮು. ಹೊರಗಿನವರಿಂದ ಫೈಲ್ ತೆಗೆದುಕೊಳ್ಳಲೇಬೇಕು ಅಂದರೆ, ಹಾಕಿದ ಫೈಲನ್ನು ಇನ್ನೊಬ್ಬರು ಇಳಿಸಿಕೊಳ್ಳಲು ಆಗದ ಹಾಗೆ ಮಾಡಿ. ಇಳಿಸಿಕೊಳ್ಳಲು ಆಗದ ಕಡೆ ಹಂಚುವವರಿಗೆ ಕೆಲಸವಿಲ್ಲ.

ಇನ್ನೊಂದು ತಲೆನೋವು ಟಿಎಲ್‌ಎಸ್ ಜೊತೆಗೇ ಬರುತ್ತದೆ. ಕಮಾಂಡ್‌ಗಳು ಹೋಗುವ ಕಂಟ್ರೋಲ್ ಸಂಪರ್ಕ ಎನ್‌ಕ್ರಿಪ್ಟ್ ಆದಮೇಲೆ, ಬೇರೆ ಸಂಪರ್ಕದಲ್ಲಿ ಹೋಗುವ ಡೇಟಾಗೆ ಯಾವ ಪೋರ್ಟ್ (ಮಷೀನಿನ ಸಂಖ್ಯೆ ಹಾಕಿದ ಬಾಗಿಲು) ನಿಗದಿಯಾಯಿತು ಅನ್ನುವುದನ್ನು ಫೈರ್‌ವಾಲ್ ಓದಲಾರದು. ಹಾಗಾಗಿ ಒಂದಷ್ಟು ಪೋರ್ಟ್‌ಗಳನ್ನು ಯಾವಾಗಲೂ ತೆರೆದಿಡಬೇಕು. ಆ ಪೋರ್ಟಿಗೆ ಬೇರೆ ಯಾರೋ ಬಂದು ಡೇಟಾ ಎತ್ತಿಕೊಂಡು ಹೋಗದಿರಲಿ ಅಂತ, ಡೇಟಾ ಸಂಪರ್ಕವೂ ಅದೇ ಟಿಎಲ್‌ಎಸ್ ಸೆಷನ್ ಬಳಸಬೇಕು ಅಂತ ವಿಎಸ್‌ಎಫ್‌ಟಿಪಿಡಿ ಕೇಳುತ್ತದೆ. ಬಹಳ ಒಳ್ಳೆಯ ಕಾವಲು. ಆದರೆ ಪೈಥಾನ್‌ನ ಎಫ್‌ಟಿಪಿಲಿಬ್‌ನಂಥ ಕೆಲವು ಕ್ಲೈಂಟ್‌ಗಳು ತಾವಾಗಿ ಹಾಗೆ ಮಾಡುವುದಿಲ್ಲ. ಆಗ ಸಿಗುವ ಸಲಹೆ ಒಂದೇ: ಕಾವಲನ್ನೇ ಆಫ್ ಮಾಡಿ. ದಯವಿಟ್ಟು ಮಾಡಬೇಡಿ, ಕ್ಲೈಂಟ್ ಬದಲಾಯಿಸಿ.

ಓಪನ್‌ಎಸ್‌ಎಸ್‌ಎಚ್‌ನಲ್ಲಿ ಈ ಪೋರ್ಟ್‌ಗಳ ಗೋಜಲೇ ಇಲ್ಲ. ಎಲ್ಲ ಒಂದೇ ಸಂಪರ್ಕದಲ್ಲಿ ನಡೆಯುತ್ತದೆ, ಪಾಸ್‌ವರ್ಡ್ ಬಿಟ್ಟು ಕೀ (ಬಳಕೆದಾರರ ಬಳಿ ಇರುವ ಗುಪ್ತ ಫೈಲ್) ಬಳಸಬಹುದು. ಬಳಕೆದಾರನನ್ನು ಒಂದು ಫೋಲ್ಡರ್ ಒಳಗೇ ಕೂಡಿಹಾಕುವ ಸಿಎಚ್‌ರೂಟ್ ವಿಷಯದಲ್ಲಿ ಇದರ ಹಟ ನನಗೆ ತುಂಬ ಹಿಡಿಸಿತು. ಆ ಫೋಲ್ಡರೂ ಅದರ ಮೇಲಿನ ಎಲ್ಲ ಫೋಲ್ಡರ್‌ಗಳೂ ರೂಟ್ (ಎಲ್ಲ ಅಧಿಕಾರ ಇರುವ ಅಡ್ಮಿನ್ ಖಾತೆ) ಒಡೆತನದಲ್ಲಿರಬೇಕು, ಬೇರೆಯವರಿಗೆ ಬರೆಯುವ ಅಧಿಕಾರ ಇರಬಾರದು. ಇಲ್ಲದಿದ್ದರೆ ಲಾಗಿನ್ನೇ ಆಗುವುದಿಲ್ಲ. ಈ ನಿಯಮ ಸಡಿಲಿಸಲು ಸ್ವಿಚ್ಚೇ ಇಟ್ಟಿಲ್ಲ. ವಿಎಸ್‌ಎಫ್‌ಟಿಪಿಡಿಯೂ ಬರೆಯಬಹುದಾದ ಸಿಎಚ್‌ರೂಟ್ ಫೋಲ್ಡರ್ ಕಂಡರೆ ತಕರಾರು ಮಾಡುತ್ತದೆ, ಆದರೆ ಒಂದು ಸಾಲು ಸೇರಿಸಿದರೆ ಸುಮ್ಮನಾಗುತ್ತದೆ. ಅವಸರದಲ್ಲಿರುವವರು ಆ ಸಾಲನ್ನೇ ಸೇರಿಸುತ್ತಾರೆ, ಅಲ್ವಾ?

ಆದರೆ ಈ ಹೋಲಿಕೆಯ ಅತಿ ದೊಡ್ಡ ಗುಂಡಿ ಇರುವುದೂ ಓಪನ್‌ಎಸ್‌ಎಸ್‌ಎಚ್‌ನಲ್ಲೇ. ಸಿಎಚ್‌ರೂಟ್ ಹಾಕಿ, ಶೆಲ್ (ಸರ್ವರ್‌ನಲ್ಲಿ ಕಮಾಂಡ್ ಓಡಿಸುವ ಜಾಗ) ಸಿಗದಂತೆ ಎಸ್‌ಎಫ್‌ಟಿಪಿಯನ್ನು ಕಡ್ಡಾಯ ಮಾಡಿ, ಇನ್ನು ಭದ್ರ ಅಂದುಕೊಳ್ಳುವವರು ಜಾಸ್ತಿ. ಆ ಖಾತೆಯಿಂದ ನಾನು ಶೆಲ್ ಕೇಳಲೇ ಇಲ್ಲ. ಪೋರ್ಟ್ ಫಾರ್ವರ್ಡಿಂಗ್ (ಸರ್ವರ್ ಮೂಲಕ ಬೇರೆ ಪೋರ್ಟಿಗೆ ಸಂಪರ್ಕ) ಮಾತ್ರ ಕೇಳಿದೆ. ಸಿಕ್ಕಿತು. ಫೈಲ್ ಹಾಕಲು ಮಾತ್ರ ಕೊಟ್ಟ ಖಾತೆ ಹಿಡಿದು, ಸರ್ವರ್‌ನ ಹಿಂದಿರುವ ಡೇಟಾಬೇಸ್ ಪೋರ್ಟಿನವರೆಗೆ ಹೋಗಿ ಮಾತಾಡಿದೆ. ಸಿಎಚ್‌ರೂಟ್ ಕಟ್ಟಿಹಾಕುವುದು ಫೈಲ್‌ಗಳನ್ನು, ನೆಟ್‌ವರ್ಕನ್ನಲ್ಲ. ಟಿಸಿಪಿ ಫಾರ್ವರ್ಡಿಂಗ್ ಅಂತ ಕರೆಯುವ ಇದು ಮೊದಲಿಂದ ಆನ್ ಇರುತ್ತದೆ. ನಾವೇ ಆಫ್ ಮಾಡಬೇಕು. ಎಲ್ಲ ಥರದ ಫಾರ್ವರ್ಡಿಂಗನ್ನೂ ಒಟ್ಟಿಗೆ ನಿಲ್ಲಿಸಲು 7.4ನೇ ಆವೃತ್ತಿಯಿಂದ ಡಿಸೇಬಲ್‌ಫಾರ್ವರ್ಡಿಂಗ್ ಅನ್ನುವ ಸಾಲು ಇದೆ. ಆದರೆ 2025ರಲ್ಲಿ ಬಂದ 10.0ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಅದು ಎಕ್ಸ್11 (ಪರದೆಯ ಕಿಟಕಿಗಳ) ಮತ್ತು ಏಜೆಂಟ್ (ಲಾಗಿನ್ ಕೀಗಳ) ಫಾರ್ವರ್ಡಿಂಗನ್ನು ನಿಲ್ಲಿಸುತ್ತಿರಲಿಲ್ಲ. ಅದಕ್ಕೇ ಟಿಸಿಪಿ, ಎಕ್ಸ್11, ಏಜೆಂಟ್ ಮೂರಕ್ಕೂ ಬೇರೆ ಬೇರೆ ಸಾಲು ಬರೆಯುವುದೇ ನನ್ನ ರೂಢಿ.

ಎಸ್‌ಎಫ್‌ಟಿಪಿಗೋದಲ್ಲಿ ಈ ಪರೀಕ್ಷೆ ಅಲ್ಲೇ ಮುಗಿಯಿತು. ಅದು ಎಸ್‌ಎಸ್‌ಎಚ್ ಮಾತಾಡಿದರೂ ಪೋರ್ಟ್ ಫಾರ್ವರ್ಡಿಂಗ್ ಕೊಡುವುದೇ ಇಲ್ಲ. ಅದರ ಬಳಕೆದಾರರು ಲಿನಕ್ಸ್ ಖಾತೆಗಳೂ ಅಲ್ಲ, ಅದರದೇ ಡೇಟಾಬೇಸಿನಲ್ಲಿರುವ ಹೆಸರುಗಳು. ಕದ್ದ ಪಾಸ್‌ವರ್ಡ್‌ಗೆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಬೆಲೆಯೇ ಇಲ್ಲ.

ಮುಂದಿನ ಪರೀಕ್ಷೆ ಅಳಿಸುವುದು ಮತ್ತು ಕೆಡಿಸುವುದು. ಡೇಟಾ ಒತ್ತೆ ಇಟ್ಟುಕೊಂಡು ಹಣ ಕೇಳುವವರ ದಾರಿ ಇದು. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅಳಿಸು, ಹೆಸರು ಬದಲಿಸು ಅನ್ನುವ ಕೋರಿಕೆಗಳನ್ನು ಒಂದೊಂದಾಗಿ ನಿಷೇಧಿಸಬಹುದು. ಹೆಸರು ಬದಲಿಸಲು ಅದರಲ್ಲಿ ಎರಡು ಕೋರಿಕೆಗಳಿವೆ, ಎರಡನ್ನೂ ಮುಚ್ಚಬೇಕು. ಇಷ್ಟಾದರೂ ಇರುವ ಫೈಲಿನ ಮೇಲೆಯೇ ಹೊಸದನ್ನು ಬರೆಯುವುದು ನಿಲ್ಲಲಿಲ್ಲ. ಫೈಲ್ ಅಳಿಯಲಿಲ್ಲ, ಒಳಗಿದ್ದದ್ದು ಹೋಯಿತು. ಎಸ್‌ಎಫ್‌ಟಿಪಿಗೋದಲ್ಲಿ ಅಪ್‌ಲೋಡ್ ಬೇರೆ ಅನುಮತಿ, ಇದ್ದದ್ದರ ಮೇಲೆ ಬರೆಯುವುದು ಬೇರೆ ಅನುಮತಿ. ಎರಡನೆಯದನ್ನು ಕೊಡಲಿಲ್ಲ, ದಾಳಿ ಅಲ್ಲೇ ನಿಂತಿತು. ವಿಎಸ್‌ಎಫ್‌ಟಿಪಿಡಿಯಲ್ಲೂ ವರ್ಚುವಲ್ ಬಳಕೆದಾರರಿಗೆ (ಸ್ವಂತ ಲಿನಕ್ಸ್ ಖಾತೆ ಇಲ್ಲದವರಿಗೆ) ಅನಾನಿಮಸ್ ಮಟ್ಟದ ಅಧಿಕಾರವೇ ಇರುವುದರಿಂದ, ಅಪ್‌ಲೋಡ್ ಮಾತ್ರ ಕೊಟ್ಟಾಗ ಹಳೆಯ ಫೈಲಿನ ಮೇಲೆ ಬರೆಯಲು ಆಗಲಿಲ್ಲ. ಹಳೆಯ ಸರ್ವರ್ ಇಲ್ಲಿ ಓಪನ್‌ಎಸ್‌ಎಸ್‌ಎಚ್‌ಗಿಂತ ಮೇಲು.

ಡಿಸ್ಕ್ ತುಂಬಿಸುವ ದಾಳಿಗೆ ಮೊದಲೆರಡರಲ್ಲಿ ಸ್ವಂತ ಮದ್ದಿಲ್ಲ, ಫೈಲ್‌ಸಿಸ್ಟಮ್ ಕೋಟಾ ಹಾಕಬೇಕು. ಎಸ್‌ಎಫ್‌ಟಿಪಿಗೋದಲ್ಲಿ ಪ್ರತಿ ಖಾತೆಗೂ ಮಿತಿ ಇಡಬಹುದು.

ಪಾಸ್‌ವರ್ಡ್ ಊಹಿಸುತ್ತ ಕೂರುವವರಿಗೆ ಮೂರರಲ್ಲೂ ತಡೆ ಇದೆ, ಆದರೆ ಒಂದೇ ಥರ ಅಲ್ಲ. ಓಪನ್‌ಎಸ್‌ಎಸ್‌ಎಚ್ 2024ರ 9.8ನೇ ಆವೃತ್ತಿಯಿಂದ, ಪದೇ ಪದೇ ಲಾಗಿನ್ ತಪ್ಪುವ ವಿಳಾಸಗಳನ್ನು ತಾನಾಗಿಯೇ ಸ್ವಲ್ಪ ಹೊತ್ತು ದೂರ ಇಡುತ್ತದೆ. ಒಂದೇ ಐಪಿಯ ಹಿಂದೆ ಬಹಳ ಜನ ಇದ್ದರೆ ಆ ವಿಳಾಸಕ್ಕೆ ವಿನಾಯಿತಿ ಬರೆಯಿರಿ. ಎಸ್‌ಎಫ್‌ಟಿಪಿಗೋದಲ್ಲಿ ಡಿಫೆಂಡರ್ ಅನ್ನುವ ಭಾಗ ಪ್ರತಿ ತಪ್ಪಿಗೂ ಅಂಕ ಕೂಡಿಸಿ, ಮಿತಿ ದಾಟಿದವರನ್ನು ಹೊರಗಿಡುತ್ತದೆ. ಅದು ಮೊದಲಿಗೆ ಆಫ್ ಇರುತ್ತದೆ, ಮರೆಯದೆ ಆನ್ ಮಾಡಿ. ವಿಎಸ್‌ಎಫ್‌ಟಿಪಿಡಿಗೆ, ಲಾಗ್ ನೋಡಿ ವಿಳಾಸಗಳನ್ನು ತಡೆಯುವ ಫೇಲ್‌ಟುಬ್ಯಾನ್ ಸೇರಿಸಿದೆ, ಕೆಲಸ ಮಾಡಿತು. ಇವೆಲ್ಲಕ್ಕಿಂತ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ ಕೊಡುವುದೇ ಗಟ್ಟಿ.

ಹಾಗಾದರೆ ಎಸ್‌ಎಫ್‌ಟಿಪಿಗೋ ಗೆದ್ದಿತಾ? ಅದರ ವೆಬ್ ಪ್ಯಾನೆಲ್ ನೋಡಿದಾಗ ನಾನು ಸ್ವಲ್ಪ ತಡೆದೆ. 2023ರಲ್ಲಿ ಮೂವ್‌ಇಟ್ ಟ್ರಾನ್ಸ್‌ಫರ್ ಅನ್ನುವ ಫೈಲ್ ಸರ್ವರ್ ಮೇಲೆ ಕ್ಲಾಪ್ ಅನ್ನುವ ಸುಲಿಗೆ ಗುಂಪು ನಡೆಸಿದ ದಾಳಿ ಶುರುವಾಗಿದ್ದು ಅದರ ವೆಬ್ ಭಾಗದಲ್ಲಿದ್ದ ಎಸ್‌ಕ್ಯೂಎಲ್ ಇಂಜೆಕ್ಷನ್ (ಡೇಟಾಬೇಸಿಗೆ ಕಳ್ಳ ಕಮಾಂಡ್ ತೂರಿಸುವ) ಲೋಪದಿಂದ. ಅದು ಬೇರೆಯೇ ಉತ್ಪನ್ನ. ಆದರೂ ವೆಬ್ ಪುಟ ಇದ್ದಲ್ಲಿ ದಾಳಿಗೆ ಇನ್ನೊಂದು ಬಾಗಿಲು ಇದ್ದ ಹಾಗೆಯೇ. ಅಡ್ಮಿನ್ ಪ್ಯಾನೆಲ್ ಲೋಕಲ್‌ಹೋಸ್ಟ್‌ಗೆ (ಅದೇ ಮಷೀನಿಗೆ) ಮಾತ್ರ ಉತ್ತರಿಸಲಿ. ಹೊರಗಿನಿಂದ ಬೇಕಾದರೆ ವಿಪಿಎನ್ ಮೂಲಕ ಬನ್ನಿ. ಇನ್ನು ಯಾವುದನ್ನೇ ಆರಿಸಿ, ನಿಮ್ಮ ಲಿನಕ್ಸ್ ಕೊಡುವ ಪ್ಯಾಕೇಜ್ ಅಥವಾ ಸಹಿ ಪರಿಶೀಲಿಸಿದ ಫೈಲನ್ನೇ ಹಾಕಿ. 2011ರಲ್ಲಿ ವಿಎಸ್‌ಎಫ್‌ಟಿಪಿಡಿ 2.3.4ರ ಡೌನ್‌ಲೋಡ್ ಫೈಲಿಗೇ ಯಾರೋ ಹಿಂಬಾಗಿಲು ಸೇರಿಸಿದ್ದರು. ಬಳಕೆದಾರರ ಹೆಸರಿನಲ್ಲಿ ನಗುಮುಖದ ಚಿಹ್ನೆ ಹಾಕಿದರೆ 6200ನೇ ಪೋರ್ಟಿನಲ್ಲಿ ಶೆಲ್ ತೆರೆಯುತ್ತಿತ್ತು.

ನನ್ನ ಆಯ್ಕೆ ಹೀಗಿದೆ. ನಮ್ಮವರೇ ಕೆಲವರು, ಎಲ್ಲರಿಗೂ ಕೀ ಬಳಸಲು ಬರುತ್ತದೆ ಅಂದರೆ ಓಪನ್‌ಎಸ್‌ಎಸ್‌ಎಚ್. ಹೊಸದಾಗಿ ಏನೂ ಹಾಕಬೇಕಿಲ್ಲ, ಅಪ್‌ಡೇಟ್ ಬೇಗ ಬರುತ್ತದೆ. ಹೊರಗಿನ ಬೇರೆ ಬೇರೆ ಸಂಸ್ಥೆಗಳು ಫೈಲ್ ಹಾಕಲು ಬರುತ್ತವೆ, ಒಬ್ಬರ ಖಾತೆ ಕಳುವಾದರೆ ಇನ್ನೊಬ್ಬರಿಗೆ ತಾಗಬಾರದು ಅಂದರೆ ಎಸ್‌ಎಫ್‌ಟಿಪಿಗೋ. ಎಫ್‌ಟಿಪಿ ಬಿಟ್ಟು ಬೇರೆ ಗೊತ್ತಿಲ್ಲದ ಹಳೆಯ ಸ್ಕ್ಯಾನರ್, ಕ್ಯಾಮೆರಾಗಳಿದ್ದರೆ ಮಾತ್ರ ವಿಎಸ್‌ಎಫ್‌ಟಿಪಿಡಿ. ಅದನ್ನೂ ಇಂಟರ್‌ನೆಟ್‌ಗೆ ತೋರಿಸದೆ, ಒಳಗಿನ ನೆಟ್‌ವರ್ಕಿನಲ್ಲೇ ಬೇರೆ ಮೂಲೆಯಲ್ಲಿ ಇಡಿ.

ಓಪನ್‌ಎಸ್‌ಎಸ್‌ಎಚ್ ಆರಿಸಿದರೆ ಇನ್ನೊಂದು ಕೆಲಸ ಬಾಕಿ ಇದೆ. ಕಾನ್ಫಿಗ್‌ನಲ್ಲಿ ಎರಡು ಮ್ಯಾಚ್ ಭಾಗಗಳು (ಆಯ್ದ ಖಾತೆಗಳಿಗೆ ಮಾತ್ರ ಅನ್ವಯಿಸುವ ಸಾಲುಗಳು) ಒಂದೇ ಖಾತೆಗೆ ಹೊಂದಿದರೆ, ಮೊದಲು ಬಂದದ್ದೇ ನಿಲ್ಲುತ್ತದೆ. ನೀವು ಕೆಳಗೆ ಬರೆದ ಫಾರ್ವರ್ಡಿಂಗ್ ನಿಷೇಧ ಜಾರಿಗೇ ಬರದಿರಬಹುದು. ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಮ್ ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ ಟಿ ಮತ್ತು ಸಿ ಆಯ್ಕೆಗಳ ಜೊತೆ ಬಳಕೆದಾರರ ಹೆಸರು ಕೊಡಿ, ಆ ಖಾತೆಗೆ ನಿಜವಾಗಿ ಅನ್ವಯವಾಗುವ ಸಾಲುಗಳನ್ನೆಲ್ಲ ಅದೇ ತೋರಿಸುತ್ತದೆ. ಆಮೇಲೆ ಇನ್ನೊಂದು ಮಷೀನಿನಿಂದ ಆ ಖಾತೆಯಲ್ಲೇ ಫಾರ್ವರ್ಡಿಂಗ್ ಕೇಳಿ ನೋಡಿ. ಆವೃತ್ತಿ ಬದಲಾದಾಗಲೆಲ್ಲ ಇವೆರಡನ್ನೂ ಮತ್ತೆ ಮಾಡಿ.