ಮಧ್ಯ ವರ್ಷದಲ್ಲಿ ಸರ್ಕಾರಿ ಶಾಲೆ ಅಡ್ಮಿಷನ್: ಫಾಸ್ಟರ್ ಕೇರ್ ಮಕ್ಕಳಿರೋರು ಓದ್ಲೇಬೇಕು

ನಮ್ಮ ಏರಿಯಾ ಸರ್ಕಾರಿ ಶಾಲೆಗೆ 5ಕ್ಕೆ 4 ಸ್ಟಾರ್. ಬಾಲಮಂದಿರದಿಂದ ಫಾಸ್ಟರ್ ಕೇರ್‌ಗೆ (ಹೆತ್ತವರ ಜೊತೆ ಇರೋಕಾಗದ ಮಗುನ ಬೇರೆ ಕುಟುಂಬ ಸ್ವಲ್ಪ ಕಾಲ ಮನೇಲಿಟ್ಕೊಂಡು ನೋಡ್ಕೊಳ್ಳೋದು) ಅಂತ ಮಗು ನಮ್ಮನೆಗೆ ಬಂದಾಗ ಶಾಲೆ ಶುರುವಾಗಿ ಆಗ್ಲೇ ಸುಮಾರು ದಿನ ಆಗಿತ್ತು. ಕೈಲಿದ್ದಿದ್ದು ಮಗುನ ನಮ್ಗೆ ಒಪ್ಪಿಸಿದ ಮಕ್ಕಳ ಕಲ್ಯಾಣ ಸಮಿತಿ ಆರ್ಡರ್ ಒಂದೇ, ಟಿಸಿ ಬೇರೆ ಜಿಲ್ಲೆಲಿ, ಬರ್ತ್ ಸರ್ಟಿಫಿಕೇಟ್ ಇಲ್ವೇ ಇಲ್ಲ.

ಮೊದ್ಲು ಒಂದು ಪ್ರೈವೇಟ್ ಶಾಲೆಗೆ ಹೋದ್ವಿ, ಹೆಸರು ಬೇಡ. ಕೌಂಟರ್‌ನಲ್ಲಿ ಹತ್ತು ಜನರ ಮುಂದೆ "ಇವಳ ಅಪ್ಪ ಅಮ್ಮ ಏನಾದ್ರು, ನೀವೇನಾಗ್ಬೇಕು" ಅಂತ ಕೇಳಿದ್ರು, ಮಗು ನನ್ನ ಹಿಂದೆ ಹೋಗಿ ನಿಂತ್ಕೊಂಡ್ಳು, ಆಮೇಲೆ ಟಿಸಿ ಇಲ್ದೆ ಆಗಲ್ಲ ಅಂದ್ರು. ಮಗು ಮುಂದೆ ಹಾಗೆ ಕೇಳಿದ್ದು ತಪ್ಪು. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ, 2009ರದ್ದು, ಅದರ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಅಡ್ಮಿಷನ್ ತಳ್ಳಿಹಾಕೋ ಹಾಗಿಲ್ಲ, ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಟಿಸಿ ಲೇಟಾಯ್ತು ಅನ್ನೋದೂ ಕಾರಣ ಅಲ್ಲ ಅಂತ 5ನೇ ಸೆಕ್ಷನ್‌ನಲ್ಲಿದೆ.

ನಮ್ಮ ಏರಿಯಾ ಸರ್ಕಾರಿ ಶಾಲೆ ಹೆಡ್‌ಮೇಡಂ ಮಾಡಿದ್ದು ನೋಡಿ. ಆರ್ಡರ್ ಕೈಗೆ ತಗೊಂಡ ತಕ್ಷಣ ಒಬ್ಬ ಟೀಚರ್ ಕರ್ದು "ಇವಳಿಗೆ ಲೈಬ್ರರಿ ತೋರಿಸ್ಕೊಂಡು ಬಾಮ್ಮ" ಅಂತ ಕಳಿಸಿ, ಮಗು ಆಚೆ ಹೋದ್ಮೇಲೆ ಬಾಗಿಲು ಮುಂದೆ ತಳ್ಳಿ ನನ್ನ ಹತ್ರ ಮಾತಾಡಿದ್ರು. ಫಾರ್ಮ್‌ನಲ್ಲಿ ಪೋಷಕರು ಅಂತಿದ್ದ ಕಡೆ ನನ್ನ ಹೆಸರು, ಪಕ್ಕದಲ್ಲಿ ಆರ್ಡರ್ ನಂಬರ್, ಅಷ್ಟೇ. ಆರ್ಡರ್ ಜೆರಾಕ್ಸ್ ತಮ್ಮ ಬೀರುಲೇ ಇಟ್ಕೊಂಡ್ರು, ಕ್ಲಾಸ್ ಫೈಲಿಗೆ ಹೋಗ್ಬಾರ್ದು ಅಂತ. ಹಳೇ ಶಾಲೆಗೆ ಅವ್ರೇ ಫೋನ್ ಮಾಡಿ ಎಸ್‌ಎಟಿಎಸ್ ನಂಬರ್ (ಶಿಕ್ಷಣ ಇಲಾಖೆ ದಾಖಲೆಲಿ ಮಗುಗಿರೋ ನಂಬರ್) ತರಿಸ್ಕೊಂಡ್ರು. ವಯಸ್ಸು ಒಂಬತ್ತು ಅಂತ ನಾಲ್ಕನೇ ಕ್ಲಾಸಿಗೇ ಸೇರಿಸಿದ್ರು, ಕೆಳಗಿನ ಕ್ಲಾಸಲ್ಲಿ ಕೂರಿಸಲಿಲ್ಲ, ಕಾಯ್ದೆಯ 4ನೇ ಸೆಕ್ಷನ್‌ಲೂ ಹಂಗೇ ಇರೋದು. ಪುಸ್ತಕ, ಯೂನಿಫಾರ್ಮ್, ಹಾಲು, ಊಟ ಎಲ್ಲಾ ಇದೆ.

ಒಂದು ಸ್ಟಾರ್ ಕಟ್ ಯಾಕಂದ್ರೆ, ಹೀಗೆ ಸೇರಿಸ್ಕೊಂಡ ಮಗು ಹಿಂದುಳಿದಿದ್ರೆ ವಿಶೇಷ ತರಬೇತಿ ಕೊಡ್ಬೇಕು ಅಂತ ಅದೇ 4ನೇ ಸೆಕ್ಷನ್ ಹೇಳುತ್ತೆ, ಇಲ್ಲಿ ಅದಕ್ಕೆ ಬೇರೆ ಟೀಚರೇ ಇಲ್ಲ. ಒತ್ತಕ್ಷರ ಬಂದ್ರೆ ನಮ್ಮ ಹುಡುಗಿ ನಿಂತೇಬಿಡ್ತಾಳೆ, ಕ್ಲಾಸ್ ಟೀಚರ್ ಊಟದ ಬಿಡುವಲ್ಲಿ ಕೂರಿಸ್ಕೊಂಡು ಓದಿಸ್ತಾರೆ, ಪಾಪ ಅವ್ರಿಗೆ ಬೇರೆ ಟೈಮೆಲ್ಲಿದೆ. ಇದು ಶಾಲೆ ತಪ್ಪಲ್ಲ, ಇಲಾಖೆ ತಪ್ಪು.

ಪ್ರೈವೇಟ್‌ನಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಅಂತ ಆರ್‌ಟಿಇ ಶೇ 25 ಫ್ರೀ ಸೀಟು ಇದ್ಯಲ್ಲ ಅಂತ ಕೇಳ್ತಾರೆ. ಅನಾಥ ಮಕ್ಕಳನ್ನ ಆ ಕೋಟಾದಲ್ಲಿ ಸೇರಿಸಿ ಅಂತ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ, ಒಳ್ಳೇದೇ. ಆದ್ರೆ ಫಾಸ್ಟರ್ ಕೇರ್‌ಲಿರೋ ಮಕ್ಕಳೆಲ್ಲ ಅನಾಥರಲ್ಲ, ಎಷ್ಟೋ ಮಕ್ಕಳಿಗೆ ಅಮ್ಮನೋ ಅಪ್ಪನೋ ಇರ್ತಾರೆ, ನೋಡ್ಕೊಳ್ಳೋ ಸ್ಥಿತಿಲಿ ಇರಲ್ಲ ಅಷ್ಟೇ. ಮೇಲಾಗಿ ಆ ಸೀಟು ಒಂದನೇ ಕ್ಲಾಸು ಇಲ್ಲಾ ಪ್ರೀ-ಸ್ಕೂಲಿಗೆ ಮಾತ್ರ, ಕರ್ನಾಟಕದಲ್ಲಿ 2019ರಿಂದ ಅಕ್ಕಪಕ್ಕ ಸರ್ಕಾರಿ ಶಾಲೆ ಇದ್ರೆ ಪ್ರೈವೇಟ್ ಶಾಲೆ ಆ ಕೋಟಾಗೆ ಬರೋದೂ ಇಲ್ಲ. ನಾಲ್ಕನೇ ಕ್ಲಾಸಿನ ಮಗೂಗೆ ಅದರಿಂದ ಏನೂ ಉಪಯೋಗ ಇಲ್ಲ.

ಶಾಲೆಗೆ ಹೋದಾಗ ಆರ್ಡರ್ ಜೆರಾಕ್ಸ್ ಕೊಡಿ, ಒರಿಜಿನಲ್ ಯಾರಿಗೂ ಕೊಡ್ಬೇಡಿ. ಆಗಲ್ಲ ಅಂದ್ರೆ ಬರೆದು ಕೊಡಿ ಅನ್ನಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸ್‌ಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಲೆಟರ್ ಹಾಕಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.