ಪೋಕರ್‌ಸ್ಟಾರ್ಸಾ, ಜಿಜಿಪೋಕರಾ? ಎರಡೂ ಕಡೆ ಕೂತು ಆಡಿ ನೋಡಿದ್ಮೇಲೆ

ಪೋಕರ್‌ಸ್ಟಾರ್ಸ್, ಜಿಜಿಪೋಕರ್ ಎರಡೂ ದುಡ್ಡು ಕಟ್ಟಿ ಪೋಕರ್ ಅನ್ನೋ ಇಸ್ಪೀಟಾಟ ಆಡೋ ಆನ್‌ಲೈನ್ ಸೈಟುಗಳು. ಮೊದ್ಲೇ ಹೇಳ್ಬಿಡ್ತೀನಿ, ನಾನಿರೋದು ಇಂಗ್ಲೆಂಡಲ್ಲಿ, ಇಲ್ಲಿ ಗ್ಯಾಂಬ್ಲಿಂಗ್ ಕಮಿಷನ್ ಲೈಸೆನ್ಸ್ ಇರೋ ಸೈಟಲ್ಲಿ 18 ತುಂಬಿದವ್ರು ದುಡ್ಡು ಕಟ್ಟಿ ಪೋಕರ್ ಆಡೋದಕ್ಕೆ ಕಾನೂನಿನ ತಕರಾರಿಲ್ಲ. ಊರಲ್ಲಿರೋವ್ರು ಇದನ್ನ ಓದಿ ಆಪ್ ಹುಡುಕ್ಕೊಂಡು ಹೋಗ್ಬೇಡಿ. ಕರ್ನಾಟಕದಲ್ಲಿ 2021ರಲ್ಲಿ ರಾಜ್ಯ ಸರ್ಕಾರ ಇಂಥ ದುಡ್ಡಿನ ಆನ್‌ಲೈನ್ ಆಟಗಳನ್ನ ಬ್ಯಾನ್ ಮಾಡ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನ ಹೊಡೆದ್ಹಾಕ್ತು, ಆಮೇಲೆ 2025ರ ಆಗಸ್ಟಲ್ಲಿ ಸಂಸತ್ತೇ ಕಾಯ್ದೆ ತಂದು ದೇಶಕ್ಕೆಲ್ಲ ದುಡ್ಡಿನ ಆನ್‌ಲೈನ್ ಆಟ ನಿಲ್ಲಿಸ್ತು. ಹಾಗಾಗಿ ಇದು ಹೊರದೇಶದಲ್ಲಿರೋ ನಮ್ಮೋರಿಗೆ, ಮತ್ತೆ ಇಂಥ ಸಾಫ್ಟ್‌ವೇರ್ ಒಳಗೆ ಏನೇನ್ ನಡಿಯತ್ತೆ ಅನ್ನೋ ಕುತೂಹಲ ಇರೋವ್ರಿಗೆ.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗು, ಆಟ ಬರೀ ಹವ್ಯಾಸ. ಆಡೋದು 5 ಸೆಂಟ್ - 10 ಸೆಂಟ್ ಬ್ಲೈಂಡಿನ ನೋ-ಲಿಮಿಟ್ ಹೋಲ್ಡೆಮ್ (ಪೋಕರಿನ ಒಂದು ಬಗೆ, ಬಾಜಿಗೆ ಮಿತಿ ಇಲ್ಲ). ಬ್ಲೈಂಡ್ ಅಂದ್ರೆ ಎಲೆ ನೋಡೋಕ್ ಮುಂಚೆ ಇಬ್ರು ಕಡ್ಡಾಯವಾಗಿ ಹಾಕೋ ದುಡ್ಡು, ಅದ್ರಲ್ಲಿ ದೊಡ್ಡದು ಬಿಗ್ ಬ್ಲೈಂಡ್. ಟೇಬಲ್‌ಗೆ 10 ಡಾಲರ್ ತಗೊಂಡು ಕೂತ್ರೆ ನೂರು ಬಿಗ್ ಬ್ಲೈಂಡ್. ದೊಡ್ಡ ಸ್ಟೇಕ್ ಆಡೋವ್ರ ಅನುಭವ ಬೇರೆ ಇರಬಹುದು. ಮೂರನೇದೊಂದು ಸೈಟನ್ನೂ ಈ ಹೋಲಿಕೆಗೆ ಸೇರಿಸ್ಬೇಕು ಅಂತಿತ್ತು, ಹೆಸರು ಬೇಡ, ಪಾಸ್‌ಪೋರ್ಟ್ ಕೊಟ್ರೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ರೂ ವಿಳಾಸ ಮ್ಯಾಚ್ ಆಗ್ತಿಲ್ಲ ಅಂತ್ಲೇ ಮೇಲ್ ಕಳಿಸ್ತಿದ್ರು, ಸಾಕಾಗಿ ಕೈಬಿಟ್ಟೆ.

ಮೊದ್ಲು ಕಣ್ಣಿಗೆ ಬೀಳೋದು ಲಾಬಿ, ಅಂದ್ರೆ ಟೇಬಲ್ ಆರಿಸ್ಕೊಳೋ ಪುಟ. ಪೋಕರ್‌ಸ್ಟಾರ್ಸ್ 2001ರಿಂದ ಇದೆ, 2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನೋ ಅಕೌಂಟೆಂಟು ಇದೇ ಸೈಟಲ್ಲಿ 86 ಡಾಲರಿನ ಸ್ಯಾಟಲೈಟ್ (ದೊಡ್ಡ ಟೂರ್ನಮೆಂಟಿಗೆ ಸೀಟು ಕೊಡೋ ಸಣ್ಣ ಟೂರ್ನಮೆಂಟು) ಗೆದ್ದು, ಅಲ್ಲಿಂದ ಲಾಸ್ ವೇಗಸ್ಸಿನ ವರ್ಲ್ಡ್ ಸೀರೀಸ್ ಅನ್ನೋ ದೊಡ್ಡ ಪೋಕರ್ ಸ್ಪರ್ಧೆಗೆ ಹೋಗಿ 25 ಲಕ್ಷ ಡಾಲರ್ ಗೆದ್ಮೇಲೆ ಪ್ರಪಂಚವೆಲ್ಲ ಇದಕ್ಕೆ ಮುಗಿಬಿತ್ತು. ಒಂದೇ ಸಲ ನಾಲ್ಕಾರು ಟೇಬಲ್ ಹರಡ್ಕೊಂಡು ಗಂಟೆಗಟ್ಟಲೆ ಆಡೋ ಆ ಕಾಲದ ಜನಕ್ಕೆ ಮಾಡಿದ ಸಾಫ್ಟ್‌ವೇರ್ ಅನ್ನೋದು ಈಗ್ಲೂ ಗೊತ್ತಾಗತ್ತೆ. ಸಾಲುಸಾಲಾಗಿ ಟೇಬಲ್ ಲಿಸ್ಟು, ಫಿಲ್ಟರು, ಕೀಬೋರ್ಡ್ ಶಾರ್ಟ್‌ಕಟ್ಟು, ವಿಂಡೋನ ಬೇಕಾದ ಸೈಜಿಗೆ ಎಳ್ಕೊಂಡು ಸ್ಕ್ರೀನ್ ತುಂಬ ಜೋಡಿಸ್ಕೊಳೋ ಸೌಕರ್ಯ, ಎಲ್ಲ ಇದೆ. ನೋಡೋಕೆ ಸ್ವಲ್ಪ ಸಪ್ಪೆ, ನಿಜ. ಜಿಜಿಪೋಕರ್ ತೆಗೆದ್ರೆ ದಸರಾ ಎಕ್ಸಿಬಿಷನ್ ಒಳಗೆ ನುಗ್ಗಿದಂಗೆ, ಎಲ್ಲಿ ನೋಡಿದ್ರೂ ಮಿಣಿಮಿಣಿ, ಒಂದು ಆಫರ್ ಮುಚ್ಚಿದ್ರೆ ಇನ್ನೊಂದು, ಟೇಬಲ್ಲಲ್ಲಿ ಕೂತ್ರೆ ಎದುರಿಗಿರೋನ ಮುಖಕ್ಕೆ ಟೊಮೆಟೊ ಎಸೆಯೋ ಬಟನ್ನು. ಮೊದ್ಲು ನಗು ಬಂತು, ಆಮೇಲೆ ಸೆಟ್ಟಿಂಗ್ಸಿಗೆ ಹೋಗಿ ಆಫ್ ಮಾಡ್ದೆ.

ಆದ್ರೆ ಫೋನಲ್ಲಿ ಮಾತು ಉಲ್ಟಾ. ಜಿಜಿ ಆಪನ್ನ ಫೋನ್ ನೆಟ್ಟಗೆ ಹಿಡ್ಕೊಂಡು ಒಂದೇ ಕೈಯಲ್ಲಿ ಆಡಬಹುದು, ಹೆಬ್ಬೆರಳು ಎಲ್ಲಿಗೆ ಹೋಗತ್ತೋ ಅಲ್ಲೇ ಕಾಲ್ (ಎದುರಿನೋನ ಬಾಜಿಗೆ ಸಮ ಹಾಕೋದು), ಫೋಲ್ಡ್ (ಎಲೆ ಬಿಟ್ಟುಬಿಡೋದು), ಬೆಟ್ ಸ್ಲೈಡರ್, ಯೋಚನೆ ಮಾಡಿ ಮಾಡಿರೋ ಡಿಸೈನು ಅದು. ಸ್ಟಾರ್ಸ್ ಆಪಲ್ಲಿ ಆಡೋಕೇನೂ ತೊಂದ್ರೆ ಇಲ್ಲ, ಡೆಸ್ಕ್‌ಟಾಪಿಗೆ ಅಂತ ಹುಟ್ಟಿದ್ದನ್ನ ಫೋನಿಗೆ ಇಳಿಸಿದ್ದಾರೆ ಅನ್ನಿಸತ್ತೆ ಅಷ್ಟೆ. ಟ್ರೈನಲ್ಲಿ ಕೂತು ಅರ್ಧ ಗಂಟೆ ಆಡೋದಾದ್ರೆ ನನ್ನ ಓಟು ಜಿಜಿಗೇ. ಫೋಲ್ಡ್ ಮಾಡಿದ ತಕ್ಷಣ ಹೊಸ ಟೇಬಲ್, ಹೊಸ ಎಲೆ ಸಿಗೋ ಆಟ ಎರಡರಲ್ಲೂ ಇದೆ, ಸ್ಟಾರ್ಸಲ್ಲಿ ಅದು ಜೂಮ್, ಜಿಜಿಯಲ್ಲಿ ರಶ್ ಅಂಡ್ ಕ್ಯಾಶ್. ಕಾಯೋ ಕೆಲಸ ಇಲ್ಲ, ಅದೇ ಅಪಾಯ ಕೂಡ, ಗಂಟೆಗೆ ಆಡೋ ಕೈಗಳು, ಅಂದ್ರೆ ಆಟದ ಸುತ್ತುಗಳು, ಜಾಸ್ತಿ ಆದಷ್ಟೂ ಸೈಟಿನವ್ರ ಕಮಿಷನ್ನೂ ಜಾಸ್ತಿ.

ಟೆಸ್ಟರ್ ಬುದ್ಧಿ, ಕೈ ನಡೀತಿರೋವಾಗ ಬೇಕಂತ್ಲೇ ವೈಫೈ ಆಫ್ ಮಾಡಿ ನೋಡ್ದೆ. ಎರಡೂ ವಾಪಸ್ ಅದೇ ಕೈಗೆ ತಂದು ಬಿಟ್ವು, ಟೈಮ್ ಬ್ಯಾಂಕ್ (ಯೋಚನೆ ಮಾಡೋಕೆ ಕೊಡೋ ಹೆಚ್ಚಿನ ಸಮಯ) ಸ್ವಲ್ಪ ಕರಗಿತ್ತು, ಅಷ್ಟೆ. ಇದ್ರಲ್ಲಿ ಇಬ್ರೂ ಪಾಸು.

ನಿಜವಾದ ವ್ಯತ್ಯಾಸ ಇರೋದು ಡೇಟಾದಲ್ಲಿ, ನೀವಾಡಿದ ಕೈಗಳ ದಾಖಲೆ ಯಾರ ಹತ್ರ ಇರತ್ತೆ ಅನ್ನೋದ್ರಲ್ಲಿ. ಸ್ಟಾರ್ಸ್ ಡೆಸ್ಕ್‌ಟಾಪಲ್ಲಿ ಸೆಟ್ಟಿಂಗ್ ಆನ್ ಇದ್ರೆ ಪ್ರತಿ ಕೈನೂ ಟೆಕ್ಸ್ಟ್ ಫೈಲಾಗಿ ನಿಮ್ಮ ಕಂಪ್ಯೂಟರಲ್ಲೇ ಬಂದು ಕೂರತ್ತೆ, ನೋಟ್‌ಪ್ಯಾಡಲ್ಲಿ ತೆಗೆದ್ರೂ ಓದ್ಬೋದು, ಯಾರು ಎಷ್ಟು ಹಾಕಿದ್ರು, ಯಾವ ಎಲೆ ಬಿತ್ತು ಎಲ್ಲ. ಅದನ್ನ ಪೋಕರ್‌ಟ್ರ್ಯಾಕರ್ ಥರದ ಪ್ರೋಗ್ರಾಮಿಗೆ ಕೊಟ್ರೆ ಎದುರಾಳಿಗಳ ಲೆಕ್ಕ ಟೇಬಲ್ ಮೇಲೇ ತೋರ್ಸತ್ತೆ, ಇದನ್ನ ಹಡ್ ಅಂತಾರೆ. ಉದಾಹರಣೆಗೆ ವಿಪಿಐಪಿ ಅಂತ ಒಂದಿದೆ, ಬ್ಲೈಂಡ್ ಬಿಟ್ಟು ತಾನಾಗೇ ದುಡ್ಡು ಹಾಕಿ ಎಷ್ಟು ಕೈಗಳಿಗೆ ಇಳೀತಾನೆ ಅನ್ನೋ ಶೇಕಡಾವಾರು. 45 ಇದ್ರೆ ಸಿಕ್ಕಿದ್ದಕ್ಕೆಲ್ಲ ಕೈ ಹಾಕೋ ಪುಣ್ಯಾತ್ಮ, 15 ಇರೋನು ಬಾಜಿ ಏರಿಸಿದ್ರೆ ತೆಪ್ಪಗೆ ಎಲೆ ಬಿಟ್ಟುಬಿಡಿ.

ಜಿಜಿ ಹೊರಗಿನ ಹಡ್‌ಗಳನ್ನ ಒಳಗೆ ಬಿಡೋದೇ ಇಲ್ಲ. ಬದಲಿಗೆ ತನ್ನದೇ ಸ್ಮಾರ್ಟ್ ಹಡ್ ಕೊಡತ್ತೆ, ಜೊತೆಗೆ ಪೋಕರ್‌ಕ್ರಾಫ್ಟ್ ಅಂತ ಒಂದು ವಿಭಾಗ, ಅದ್ರಲ್ಲಿ ನಿಮ್ಮ ಲಾಭ ನಷ್ಟದ ಗ್ರಾಫು, ಯಾವ ಎಲೆಯಲ್ಲಿ ಎಷ್ಟು ಹೋಯ್ತು, ಯಾವ ಸೀಟಿಂದ ಎಷ್ಟು ಬಂತು, ಎಲ್ಲ ಚಂದ ಚಿತ್ರ ಮಾಡಿ ಇಟ್ಟಿರ್ತಾರೆ. ಕೈಗಳನ್ನ ಡೌನ್‌ಲೋಡ್ ಕೂಡ ಮಾಡ್ಬೋದು, ಆದ್ರೆ ಕ್ಯಾಶ್ ಗೇಮಲ್ಲಿ (ಟೂರ್ನಮೆಂಟ್ ಅಲ್ದೆ ನೇರ ದುಡ್ಡಿಟ್ಟು ಆಡೋ ಟೇಬಲ್) ಎದುರಾಳಿಗಳ ಹೆಸರು ಕಿತ್ತು ಬೇರೆ ಏನೋ ಅಂಕಿ ಅಕ್ಷರ ಹಾಕಿ ಕೊಡ್ತಾರೆ, ನಿನ್ನೆ ನಿಮ್ಮನ್ನ ಸೋಲ್ಸಿದೋನು ಇವತ್ತಿನ ಫೈಲಲ್ಲಿ ಯಾರು ಅಂತ ಗೊತ್ತಾಗಲ್ಲ.

ಯಾವುದು ನ್ಯಾಯ? ಇದ್ರ ಮೇಲೆ ನಾನೂ ನನ್ನ ಜೊತೆ ಆಡೋ ದಾವಣಗೆರೆ ಗೆಳೆಯನೂ ಇನ್ನೂ ಕಿತ್ತಾಡ್ತಿದೀವಿ. ಅವನ ವಾದ, ಸಾಫ್ಟ್‌ವೇರ್‌ಗೆ ದುಡ್ಡು ಕೊಟ್ಟೋನಿಗೆ ಮಾತ್ರ ಎದುರಿಗಿರೋನ ಜಾತಕ ಕಾಣತ್ತೆ ಅಂದ್ರೆ ಹೊಸಬರು ಬಂದು ದುಡ್ಡು ಸುರಿದು ಹೋಗೋದಷ್ಟೇ, ಜಿಜಿಯಲ್ಲಾದ್ರೆ ಎಲ್ರಿಗೂ ಒಂದೇ ಕನ್ನಡಕ. ಇದು ಸುಳ್ಳಲ್ಲ, ನನಗೂ ಜಿಜಿ ಟೇಬಲ್‌ಗಳು ಮೆತ್ತಗೆ ಅನ್ನಿಸಿವೆ, ಮಜಕ್ಕೆ ಆಡೋ ಜನ ಅಲ್ಲಿ ಜಾಸ್ತಿ ಕಾಣ್ತಾರೆ. ಆದ್ರೆ ನನಗೆ ಬೇಕಿರೋದು ಎದುರಾಳಿ ಜಾತಕಕ್ಕಿಂತ ಹೆಚ್ಚಾಗಿ ದಾಖಲೆ. ಪೂರ್ತಿ ದಾಖಲೆ ಸೈಟಿನವ್ರ ಹತ್ರ ಮಾತ್ರ ಇದ್ದು, ಅದನ್ನ ಅವರೇ ಸೋಸಿ ನನಗೆ ತೋರಿಸ್ತಾರೆ ಅಂದ್ರೆ, ನಾಳೆ ಏನಾದ್ರೂ ಅನುಮಾನ ಬಂದ್ರೆ ಹೊರಗಿನೋರು ಯಾರು ಏನ್ ಚೆಕ್ ಮಾಡೋಕಾಗತ್ತೆ?

ಅನುಮಾನ ಸುಮ್ನೆ ಅಲ್ಲ. 2023ರ ಡಿಸೆಂಬರಲ್ಲಿ ಜಿಜಿಯಲ್ಲಿ ಒಂದು ಅಕೌಂಟು ಸಿಕ್ಕಾಪಟ್ಟೆ ಗೆಲ್ತಿದೆ, ಇಷ್ಟು ಗೆಲ್ಲೋಕೆ ಸಾಧ್ಯನೇ ಇಲ್ಲ ಅಂತ ಆಟಗಾರರೇ ಗಲಾಟೆ ಎಬ್ಬಿಸಿದ್ರು. ಕಂಪನಿ ತನಿಖೆ ಮಾಡಿ ತಾನೇ ಒಪ್ಕೊಂಡಿದ್ದು ಏನಪ್ಪಾ ಅಂದ್ರೆ, ಟೇಬಲ್ಲಲ್ಲಿ ಥಂಬ್ಸ್ ಅಪ್ ಥಂಬ್ಸ್ ಡೌನ್ ತೋರ್ಸೋ ಒಂದು ಫೀಚರ್ ಇತ್ತು, ಅದರ ಸಂಬಂಧದ ಮಾಹಿತಿ ಆಟಗಾರನ ಕಂಪ್ಯೂಟರಿಗೂ ಬರ್ತಿತ್ತು, ಆ ಆಸಾಮಿ ತನ್ನ ಪ್ರೋಗ್ರಾಮನ್ನ ತಿದ್ದಿ, ನೆಟ್‌ವರ್ಕಲ್ಲಿ ಬರೋ ಡೇಟಾ ಹಿಡ್ಕೊಂಡು, ತಾನು ಗೆಲ್ಲೋ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡ್ಕೊತಿದ್ದ. ಎದುರಾಳಿ ಎಲೆ ನೇರವಾಗಿ ಕಾಣ್ದಿದ್ರೂ ಅಷ್ಟು ಸಾಕಲ್ಲ! ಅಕೌಂಟ್ ಬ್ಯಾನ್ ಆಯ್ತು, 29,795 ಡಾಲರ್ ಮುಟ್ಟುಗೋಲು ಹಾಕ್ಕೊಂಡ್ರು, ಫೀಚರ್ ಸರಿಮಾಡಿ, ಸೋತವ್ರಿಗೆ ವಾಪಸ್ ಕೊಡ್ತೀವಿ ಅಂದ್ರು. ಕ್ಲೈಂಟಿಗೆ (ಆಟಗಾರನ ಕಂಪ್ಯೂಟರಲ್ಲಿ ಓಡೋ ಪ್ರೋಗ್ರಾಮಿಗೆ) ಬೇಡದ ಡೇಟಾನ ಕ್ಲೈಂಟಿಗೆ ಕಳಿಸ್ಬೇಡಿ ಅನ್ನೋದು ನಮ್ಮ ಕಸುಬಲ್ಲಿ ಮೊದಲನೇ ಪಾಠ, ಅದು ತಪ್ಪಿದ್ದು ಆಟಕ್ಕೆ ಸಂಬಂಧನೇ ಇಲ್ಲದ ಒಂದು ಅಲಂಕಾರದ ಬಟನ್ನಿಂದ. ಅವತ್ತಿಂದ ಟೊಮೆಟೊ ನೋಡಿದ್ರೂ ನನಗೆ ಡೌಟು.

ಎಲೆ ಕಲೆಸೋದೇ ಮೋಸ ಅನ್ನೋವ್ರು ಇಬ್ರ ಮೇಲೂ ಹೇಳ್ತಾರೆ, ಅದನ್ನ ನಾನು ನಂಬಲ್ಲ. ಹಿಂದೆ ಎಡವಟ್ಟಾಗಿದ್ದು ನಿಜ, 1999ರಲ್ಲಿ ಪ್ಲಾನೆಟ್ ಪೋಕರ್ ಅನ್ನೋ ಸೈಟು ಬಳಸ್ತಿದ್ದ ಕಲೆಸೋ ಪ್ರೋಗ್ರಾಮು ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಆಯ್ತು ಅನ್ನೋದನ್ನ ಬೀಜ ಮಾಡ್ಕೊತಿತ್ತು, ಅಂದ್ರೆ ಎಲೆಗಳ ಕ್ರಮ ಪೂರ್ತಿ ಆ ಒಂದು ಸಂಖ್ಯೆಯಿಂದಲೇ ಹುಟ್ಟೋದು. 52 ಎಲೆ ಜೋಡ್ಸೋ ವಿಧಗಳ ಸಂಖ್ಯೆ ಬರೆದ್ರೆ 68 ಅಂಕಿ ಆಗತ್ತೆ, ಇದಕ್ಕೆ ಬರೋದು ದಿನಕ್ಕೆ 8 ಕೋಟಿ 64 ಲಕ್ಷ ಮಾತ್ರ, ಸರ್ವರ್ ಗಡಿಯಾರಕ್ಕೆ ತಮ್ಮದನ್ನ ಹೊಂದಿಸ್ಕೊಂಡ್ರೆ 2 ಲಕ್ಷದ ಹತ್ರ ಇಳಿಯತ್ತೆ ಅಂತ ಸಂಶೋಧಕರು ತೋರಿಸಿ ಮಾನ ಕಳೆದ್ರು. ಆಮೇಲೆ ಬಂದವ್ರು ಪಾಠ ಕಲಿತಿದ್ದಾರೆ, ಸ್ಟಾರ್ಸ್ ಅಂತೂ ಕ್ವಾಂಟಮ್ ಹಾರ್ಡ್‌ವೇರಿಂದ ರ‍್ಯಾಂಡಮ್ ನಂಬರ್ ತಗೊಳತ್ತೆ.

ಇನ್ನು ಜಿಜಿಯ ಇವಿ ಕ್ಯಾಶ್‌ಔಟ್. ನಿಮ್ಮ ಹತ್ರ ಎಕ್ಕದ ಜೋಡಿ, ಅವನ ಹತ್ರ ರಾಜನ ಜೋಡಿ, ಇಬ್ರೂ ಎಲ್ಲ ದುಡ್ಡೂ ಹಾಕಿದೀರ, ಪಾಟಲ್ಲಿ, ಅಂದ್ರೆ ಮಧ್ಯದ ದುಡ್ಡಿನ ರಾಶಿಯಲ್ಲಿ, 20 ಡಾಲರ್ ಇದೆ ಅನ್ಕೊಳ್ಳಿ. ನಿಮಗೆ ಗೆಲ್ಲೋ ಸಾಧ್ಯತೆ ಸುಮಾರು 82%, ಹಾಗಾಗಿ 16 ಡಾಲರ್ ಚಿಲ್ಲರೆ ಈಗ್ಲೇ ತಗೋ, ಮುಂದೆ ಯಾವ ಎಲೆ ಬಂದ್ರೂ ನಿನಗೆ ಸಂಬಂಧ ಇಲ್ಲ ಅನ್ನತ್ತೆ, 1% ಫೀ ಹಿಡ್ಕೊಂಡು. ಎದೆ ಡವಡವ ಕಮ್ಮಿ ಆಗತ್ತೆ ನಿಜ, ಆದ್ರೆ ತುಂಬಾ ದಿನದ ಲೆಕ್ಕದಲ್ಲಿ ಕ್ಯಾಶ್‌ಔಟ್ ಮಾಡಿದ್ರೂ ಮಾಡ್ದಿದ್ರೂ ಸರಾಸರಿ ಅದೇ, ಹೋಗೋದು ಆ 1% ಮಾತ್ರ. ನಾನು ಒತ್ತಲ್ಲ.

ಕಮಿಷನ್, ಅಂದ್ರೆ ರೇಕು, ಎರಡೂ ಕಡೆ 5%ರ ಆಸುಪಾಸು, ಟೇಬಲ್ ನೋಡ್ಕೊಂಡು ಹೆಚ್ಚುಕಮ್ಮಿ, ಮೇಲೊಂದು ಕ್ಯಾಪ್ ಇರತ್ತೆ. ಕೇಳೋಕೆ ಸಣ್ಣದು, ನಮ್ಮ ಮಟ್ಟದಲ್ಲಿ 4 ಡಾಲರ್ ಪಾಟ್ ಗೆದ್ರೆ 20 ಸೆಂಟ್ ಹೋಗತ್ತೆ, ಅಂದ್ರೆ ಎರಡು ಬಿಗ್ ಬ್ಲೈಂಡ್! ಸಣ್ಣ ಸ್ಟೇಕಲ್ಲಿ ಜನ ಸೋಲೋದು ಎದುರಾಳಿಗಿಂತ ಜಾಸ್ತಿ ಇದಕ್ಕೇ. ಬೋನಸ್ಸು, ರಿವಾರ್ಡ್ಸು ಅಂತ ಸ್ವಲ್ಪ ವಾಪಸ್ ಕೊಡ್ತಾರೆ, ಆ ಸ್ಕೀಮ್‌ಗಳು ಬದಲಾಗ್ತಾನೇ ಇರ್ತವೆ, ಅದನ್ನ ನೋಡಿ ಸೈಟ್ ಆರಿಸ್ಬೇಡಿ. ದೊಡ್ಡ ಟೂರ್ನಮೆಂಟ್ ಹುಚ್ಚಿದ್ರೆ ಜಿಜಿ, 2020ರಲ್ಲಿ ಅದರ ಮೇಲೆ ನಡೆದ ವರ್ಲ್ಡ್ ಸೀರೀಸ್ ಆನ್‌ಲೈನ್ ಮೇನ್ ಇವೆಂಟಲ್ಲಿ 5,802 ಎಂಟ್ರಿ, ಬಹುಮಾನ 2 ಕೋಟಿ 75 ಲಕ್ಷ ಡಾಲರಿಗೂ ಮೇಲೆ, ಗಿನ್ನೆಸ್ ದಾಖಲೆ ಆಯ್ತು.

ದುಡ್ಡು ಸೇಫಾಗಿರತ್ತಾ ಅಂತ ಕೇಳೋವ್ರಿಗೆ ಒಂದು ಹಳೇ ಕತೆ. 2011ರ ಏಪ್ರಿಲ್ 15ಕ್ಕೆ ಅಮೆರಿಕ ಸರ್ಕಾರ ದೊಡ್ಡ ಪೋಕರ್ ಸೈಟ್‌ಗಳ ಡೊಮೇನ್ ಜಪ್ತಿ ಮಾಡ್ತು, ಆಗ ಸ್ಟಾರ್ಸ್ ಅಲ್ಲಿನ ಆಟಗಾರರ ದುಡ್ಡು ಬೇಗ ವಾಪಸ್ ಕೊಟ್ಟಿತು, ಫುಲ್ ಟಿಲ್ಟ್ ಅನ್ನೋ ಇನ್ನೊಂದು ಸೈಟ್ ಹತ್ರ ಕೊಡೋಕೆ ದುಡ್ಡೇ ಇರ್ಲಿಲ್ಲ. ಈಗ ಸ್ಟಾರ್ಸ್ ಮಾಲೀಕರು ಬೇರೆ, 2020ರಿಂದ ಫ್ಲಟರ್ ಕಂಪನಿದು, ಆ ಹಳೇ ಒಳ್ಳೇ ಹೆಸರು ಎಷ್ಟು ದಿನ ಬರತ್ತೋ.

ಸದ್ಯಕ್ಕೆ ನಾನು ಮನೇಲಿ ಕೂತು ಕಲಿಯೋಕೆ ಅಂತ ಆಡೋದು ಸ್ಟಾರ್ಸಲ್ಲಿ, ಟ್ರೈನಲ್ಲಿ ಹೊತ್ತು ಹೋಗೋಕೆ ಜಿಜಿ. ಇಬ್ರ ಹತ್ರನೂ ತಿಂಗಳ ಡಿಪಾಸಿಟ್ ಲಿಮಿಟ್ ಮೊದಲ ದಿನಾನೇ ಹಾಕಿದೀನಿ, ನೀವೂ ದುಡ್ಡು ಹಾಕೋಕ್ ಮುಂಚೆ ಅದನ್ನೇ ಮಾಡಿ. ಇಲ್ಲಿ 2020ರ ಏಪ್ರಿಲಿಂದ ಕ್ರೆಡಿಟ್ ಕಾರ್ಡಲ್ಲಿ ಜೂಜಿಗೆ ದುಡ್ಡು ಹಾಕೋದೇ ನಿಷೇಧ, ಕೈ ಮೀರ್ತಿದೆ ಅನ್ನಿಸಿದ್ರೆ ಗ್ಯಾಮ್‌ಸ್ಟಾಪಲ್ಲಿ ಒಂದ್ಸಲ ಹೆಸರು ಕೊಟ್ರೆ ಇಲ್ಲಿನ ಲೈಸೆನ್ಸ್ ಇರೋ ಎಲ್ಲಾ ಆನ್‌ಲೈನ್ ಸೈಟೂ ಒಟ್ಟಿಗೇ ಬಂದ್ ಆಗತ್ತೆ, ಕನಿಷ್ಠ ಆರು ತಿಂಗಳು, ಮಧ್ಯದಲ್ಲಿ ಮನಸ್ಸು ಬದಲಾಯಿಸಿದ್ರೂ ತೆಗೆಯಲ್ಲ.