ಶಿವಮೊಗ್ಗದ ಎಫ್‌ಎಎಸ್‌ಡಿ ತರಬೇತಿ: ಬೆಳಿಗ್ಗೆಗೆ ಫುಲ್ ಮಾರ್ಕ್ಸ್, ಮಧ್ಯಾಹ್ನಕ್ಕೆ ಅರ್ಧ

ಐದಕ್ಕೆ ಮೂರೂವರೆ ಸ್ಟಾರ್.

ಲೈಂಗಿಕ ಅಪರಾಧದ ಕೇಸಿನಲ್ಲಿ ಸಿಕ್ಕಿಬಿದ್ದವರ ಜೊತೆ ಕೆಲಸ ಮಾಡುವ ಕೌನ್ಸೆಲರ್‌ಗಳು, ಮನಃಶಾಸ್ತ್ರಜ್ಞರು, ಪ್ರೊಬೇಷನ್ ಅಧಿಕಾರಿಗಳು, ಇಂಥವರಿಗೆ ಅಂತಲೇ ನಮ್ಮ ಶಿವಮೊಗ್ಗದಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಫೀಸು 800 ರೂಪಾಯಿ, ಊಟ ಸೇರಿ. ವಿಷಯ ಎಫ್‌ಎಎಸ್‌ಡಿ, ಅಂದರೆ ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್. ತಾಯಿ ಬಸುರಿಯಾಗಿದ್ದಾಗ ಕುಡಿದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಪೆಟ್ಟು ಬೀಳಬಹುದು. ಬಿದ್ದರೆ ಅದು ಜೀವನಪೂರ್ತಿ ಉಳಿಯುತ್ತದೆ. ಹಾಲ್‌ನಲ್ಲಿದ್ದ ಸುಮಾರು ಜನ ಹೆಸರು ಕೇಳಿದ್ದರು. ಆದರೆ ತಮ್ಮ ಎದುರು ಕುರ್ಚಿಯಲ್ಲಿ ಕೂರುವ ಆರೋಪಿಗೂ ಇದು ಇರಬಹುದು ಅಂತ ಯೋಚಿಸಿದವರು ಯಾರೂ ಇರಲಿಲ್ಲ. ಇದು ಮಕ್ಕಳ ಡಾಕ್ಟರ ವಿಷಯ, ನಮಗೇನು ಸಂಬಂಧ ಅನ್ನುವ ಹಾಗೆ ಕೂತಿದ್ದರು.

ಬೆಳಿಗ್ಗೆಯ ಭಾಗ ನಿಜಕ್ಕೂ ಚೆನ್ನಾಗಿತ್ತು. ತರಬೇತಿ ಕೊಟ್ಟ ಮೇಡಂ ಇತಿಹಾಸವನ್ನು ಬೇಗ ಮುಗಿಸಿದರು. 1968ರಲ್ಲಿ ಫ್ರಾನ್ಸಿನ ಪಾಲ್ ಲೆಮ್ವಾನ್ ಇಂಥ 127 ಮಕ್ಕಳ ಬಗ್ಗೆ ಬರೆದರು, ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಅದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಆಮೇಲೆ ಮುಖದ ಗುರುತುಗಳು: ತೆಳುವಾದ ಮೇಲ್ತುಟಿ, ಮೂಗಿನ ಕೆಳಗಿನ ಗೆರೆ ಮಟ್ಟಸ, ಚಿಕ್ಕ ಕಣ್ಣು. ಎಲ್ಲರೂ ಫೋಟೋ ತೆಗೆದುಕೊಳ್ಳಲು ಶುರು ಮಾಡಿದಾಗ ಮೇಡಂ ತಡೆದು, ಇದನ್ನು ಹುಡುಕುತ್ತಾ ಕೂತರೆ ಹೆಚ್ಚಿನವರು ಕೈತಪ್ಪಿ ಹೋಗುತ್ತಾರೆ ಅಂದರು. ಎಫ್‌ಎಎಸ್‌ಡಿ ಇರುವ ಬಹಳಷ್ಟು ಜನರ ಮುಖದಲ್ಲಿ ಏನೂ ಕಾಣುವುದಿಲ್ಲ, ಕಂಡರೂ ದೊಡ್ಡವರಾಗುತ್ತಾ ಅದು ಮಸುಕಾಗುತ್ತದೆ. ಐಕ್ಯೂ ನೋಡಿ ಹೇಳೋಣ ಅಂದರೆ ಅದೂ ಆಗದು, ಎಷ್ಟೋ ಜನರದ್ದು 70ರ ಮೇಲೇ ಇರುತ್ತದೆ. ಹಾಗಾಗಿ ಬುದ್ಧಿಮಾಂದ್ಯತೆಯ ಸರ್ಟಿಫಿಕೇಟೂ ಸಿಗುವುದಿಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಇದರ ಹೆಸರೇ ಇಲ್ಲ.

ಆಮೇಲೆ ಬಂದಿದ್ದು ದುಡ್ಡಿಗೆ ತಕ್ಕ ಒಂದು ಗಂಟೆ. ಇಂಥವನು ನಮ್ಮ ಮುಂದೆ ಕೂತಾಗ ಹೇಗಿರುತ್ತಾನೆ ಅನ್ನುವುದು. ಚೆನ್ನಾಗಿ ಮಾತಾಡುತ್ತಾನೆ. ನಾವು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ಮುಂದಿನ ವಾರ ಬಂದಾಗ ಏನೂ ನೆನಪಿರುವುದಿಲ್ಲ. ಆಡುವ ಮಾತಿಗಿಂತ ಅರ್ಥವಾಗುವ ಮಾತು ಕಮ್ಮಿ, ಆದರೆ ಹೊರಗಿನವರಿಗೆ ಅದು ಗೊತ್ತೇ ಆಗುವುದಿಲ್ಲ. ನೆನಪು ಎಲ್ಲಿ ಖಾಲಿಯಿದೆಯೋ ಅಲ್ಲಿ ಏನೋ ಒಂದನ್ನು ತುಂಬಿ ಹೇಳುತ್ತಾನೆ, ತಾನು ಕಟ್ಟಿ ಹೇಳುತ್ತಿದ್ದೇನೆ ಅಂತ ಅವನಿಗೇ ತಿಳಿದಿರುವುದಿಲ್ಲ. ನಾವು ಫೈಲಿನಲ್ಲಿ 'ಸುಳ್ಳು ಹೇಳುತ್ತಾನೆ, ಸಹಕರಿಸುತ್ತಿಲ್ಲ, ಪಶ್ಚಾತ್ತಾಪ ಇಲ್ಲ' ಅಂತ ಬರೆದು ಮುಚ್ಚುತ್ತೇವೆ. ಪೊಲೀಸರು 'ನೀನೇ ಅಲ್ವೇನೋ ಮಾಡಿದ್ದು' ಅಂತ ಗಟ್ಟಿಯಾಗಿ ಕೇಳಿದರೆ ಅದಕ್ಕೂ ಹೂಂ. ಹೀಗೆ ಮಾಡದೇ ಇರುವುದನ್ನೂ ಒಪ್ಪಿಕೊಂಡುಬಿಡುವ ಅಪಾಯ ಇದೆ. ಹಾಲ್ ಸುಮ್ಮನಾಗಿಬಿಟ್ಟಿತ್ತು ಮಾರಾಯ್ರೆ, ಎಲ್ಲರಿಗೂ ತಮ್ಮ ತಮ್ಮ ಯಾವುದೋ ಫೈಲು ನೆನಪಾದ ಹಾಗಿತ್ತು.

ಒಂದು ಸ್ಲೈಡ್ ಬಗ್ಗೆ ಮಾತ್ರ ತಕರಾರಿದೆ. ಆನ್ ಸ್ಟ್ರೈಸ್‌ಗತ್ ಅವರ ಸಿಯಾಟಲ್ ತಂಡ 1996ರಲ್ಲಿ ಕೊಟ್ಟ ಲೆಕ್ಕ ಅದು. ಈ ತೊಂದರೆ ಇರುವ 415 ಜನರನ್ನು ನೋಡಿದ್ದರು. 12 ದಾಟಿದವರಲ್ಲಿ ಸುಮಾರು 60% ಜನ ಕಾನೂನಿನ ತೊಡಕಿಗೆ ಸಿಕ್ಕಿದ್ದರು, ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿ ಅನುಚಿತ ಲೈಂಗಿಕ ನಡವಳಿಕೆ ಕಂಡಿತ್ತು. ಇಷ್ಟನ್ನು ತೋರಿಸಿ ಮುಂದಿನ ಸ್ಲೈಡಿಗೆ ಹೋಗಿಬಿಟ್ಟರು! ಅವರೆಲ್ಲ ಆಗಲೇ ಕ್ಲಿನಿಕ್‌ನ ಕಣ್ಣಿಗೆ ಬಿದ್ದಿದ್ದವರು, ಊರೆಲ್ಲ ಸುತ್ತಿ ಮಾಡಿದ ಲೆಕ್ಕವಲ್ಲ. 'ಅನುಚಿತ' ಅಂದ ಮಾತ್ರಕ್ಕೆ ಎಲ್ಲವೂ ಅತ್ಯಾಚಾರ ಅಲ್ಲ. ಬೇಗ ಗುರುತಿಸಿ, ಹೊಡೆತ ಬಡಿತ ಇಲ್ಲದ ಮನೆಯಲ್ಲಿ ಬೆಳೆದವರಿಗೆ ಈ ತೊಂದರೆಗಳು ಕಮ್ಮಿ ಅಂತ ಅದೇ ಅಧ್ಯಯನ ಹೇಳುತ್ತದೆ. ಇದನ್ನು ಹೇಳಬೇಕಿತ್ತು. ಇಲ್ಲದಿದ್ದರೆ ಕೇಳಿದವರು 'ಓ, ಇವರೆಲ್ಲ ಇಂಥವರೇ' ಅಂತ ಮನೆಗೆ ಹೋಗುತ್ತಾರೆ. ಇಂಥ ಮಕ್ಕಳು ಬೇರೆಯವರ ದೌರ್ಜನ್ಯಕ್ಕೆ ಸುಲಭವಾಗಿ ಬಲಿಯಾಗುತ್ತಾರೆ ಅನ್ನುವ ಮಾತೂ ಬರಲಿಲ್ಲ.

ಊಟ: ಅನ್ನ, ಸಾರು, ಪಲ್ಯ, ಹಪ್ಪಳ. ಮಜ್ಜಿಗೆ ಚೆನ್ನಾಗಿತ್ತು. ಮುಂದೆ ಹೋಗೋಣ.

ಮಧ್ಯಾಹ್ನ ಚಿಕಿತ್ಸೆಯ ವಿಷಯ. ನಾವೆಲ್ಲ ನಿಜವಾಗಿ ಬಂದಿದ್ದೇ ಇದಕ್ಕೆ. ಲೈಂಗಿಕ ಅಪರಾಧಿಗಳ ಚಿಕಿತ್ಸೆ ಅಂದರೆ ಹೆಚ್ಚಾಗಿ ಗುಂಪಿನಲ್ಲಿ ಕೂರಿಸಿ ಮಾತಾಡಿಸುವುದು, ಯಾವ ಯೋಚನೆಯಿಂದ ಯಾವ ಕೆಲಸಕ್ಕೆ ಹೋದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಸುವುದು, ಮುಂದೆ ಅಂಥ ಸಂದರ್ಭ ಬಂದರೆ ಏನು ಮಾಡುತ್ತೀಯ ಅಂತ ಪ್ಲಾನ್ ಮಾಡಿಸುವುದು. ಕಾರಣ, ಪರಿಣಾಮ, ನೆನಪು, ಮುಂದಾಲೋಚನೆ. ಎಫ್‌ಎಎಸ್‌ಡಿಯಲ್ಲಿ ಪೆಟ್ಟು ಬಿದ್ದಿರುವುದು ಇವಕ್ಕೇ ಅಲ್ವಾ? ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ ಗಡಿಬಿಡಿಯಲ್ಲಿ ಒಂದೇ ಸ್ಲೈಡ್: ಚಿಕ್ಕ ಸೆಷನ್, ಒಂದು ಸಲಕ್ಕೆ ಒಂದೇ ವಿಷಯ, ಚಿತ್ರ ಬಳಸಿ, ಮತ್ತೆ ಮತ್ತೆ ಹೇಳಿ, ಅರ್ಥವಾಯ್ತಾ ಅಂತ ಕೇಳುವ ಬದಲು ಅವನ ಬಾಯಲ್ಲೇ ಹೇಳಿಸಿ, ಮನೆಯಲ್ಲಿ ಒಬ್ಬರು ಸದಾ ನಿಗಾ ಇಡುವಂತೆ ನೋಡಿ. ಎಲ್ಲ ಸರಿ. ಮಾಡಿ ತೋರಿಸಲಿಲ್ಲ, ಅಷ್ಟೇ. ನಿಗಾ ಅನ್ನುವ ಮಾತನ್ನಂತೂ ಇನ್ನೂ ಒತ್ತಿ ಹೇಳಬೇಕಿತ್ತು. ಕಾಯಿಲೆ ಇದೆ ಅಂತ ಗೊತ್ತಾದರೆ ಅವನನ್ನು ಬಿಟ್ಟುಬಿಡಿ ಅಂತ ಅರ್ಥ ಅಲ್ಲ. 'ಇನ್ಮೇಲೆ ಮಾಡಲ್ಲ' ಅನ್ನುವ ಅವನ ಮಾತಿನ ಮೇಲೆ ಪಕ್ಕದ ಮನೆಯ ಮಗುವಿನ ಸುರಕ್ಷತೆಯನ್ನು ನಿಲ್ಲಿಸಬಾರದು ಅಂತ ಅರ್ಥ.

ನನಗೆ ಜಾಸ್ತಿ ಬೇಜಾರಾಗಿದ್ದು ನಮ್ಮ ಕಾನೂನಿನ ಸುದ್ದಿಯೇ ಬಾರದೆ ಇದ್ದದ್ದಕ್ಕೆ. ಉದಾಹರಣೆಗಳೆಲ್ಲ ಅಮೆರಿಕ, ಕೆನಡಾದ್ದು. ನಮ್ಮಲ್ಲಿ 2015ರ ಬಾಲ ನ್ಯಾಯ ಕಾಯ್ದೆಯ 15ನೇ ಕಲಂ ಇದೆ. 16 ತುಂಬಿ 18 ತುಂಬದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಬಂದರೆ ಬಾಲ ನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ. ಅಪರಾಧ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ, ಅದರ ಪರಿಣಾಮ ಅರ್ಥ ಮಾಡಿಕೊಳ್ಳುವ ಶಕ್ತಿ ಇತ್ತೇ ಅಂತ ನೋಡಬೇಕು. ಅದಕ್ಕೆ ಮನಃಶಾಸ್ತ್ರಜ್ಞರ ಸಹಾಯ ಪಡೆಯಬಹುದು. ಅವನನ್ನು ದೊಡ್ಡವನಂತೆ ವಿಚಾರಣೆ ಮಾಡಬೇಕೇ ಅನ್ನುವುದು ಈ ಮೌಲ್ಯಮಾಪನದ ಮೇಲೆ ನಿಂತಿದೆ. ಚೆನ್ನಾಗಿ ಮಾತಾಡುವ ಹುಡುಗ, ಕೇಳಿದ್ದಕ್ಕೆಲ್ಲ ಹೂಂ ಅಂದ, ಎಲ್ಲ ಅರ್ಥವಾಗುತ್ತದೆ ಅಂತ ನಾವು ಬರೆದುಕೊಟ್ಟರೆ ಮುಗಿಯಿತು. ಬೆಳಿಗ್ಗೆ ಕಲಿತದ್ದು ನೇರವಾಗಿ ಉಪಯೋಗಕ್ಕೆ ಬರುವ ಜಾಗ ಇದು. ಇದರ ಬಗ್ಗೆ ಒಂದು ವಾಕ್ಯ ಇಲ್ಲ!

ತಾಯಿಯನ್ನು ಹೇಗೆ ಕೇಳುವುದು ಅನ್ನುವ ರೋಲ್‌ಪ್ಲೇ ಚಿಕ್ಕದಾದರೂ ಒಳ್ಳೆಯದಿತ್ತು. ಮೇಡಂ ತೋಟದ ಕೂಲಿಯವರ ಲೈನ್ ಮನೆಯ ತಾಯಿಯಾಗಿ ಕೂತರು. ಒಬ್ಬರು ಹೋಗಿ, 'ಏನಮ್ಮಾ, ಬಸುರಿಯಾಗಿದ್ದಾಗ ಕುಡೀತಿದ್ಯಾ?' ಅಂದರು. 'ಇಲ್ಲ ಸರ್.' ಅಲ್ಲಿಗೆ ಬಾಗಿಲು ಬಂದ್. ಮೇಡಂ ತಾವೇ ತಿದ್ದಿ ತೋರಿಸಿದರು: 'ಅಮ್ಮಾ, ಇವನು ಹೊಟ್ಟೇಲಿದ್ದಾನೆ ಅಂತ ನಿಮಗೆ ಎಷ್ಟನೇ ತಿಂಗಳಲ್ಲಿ ಗೊತ್ತಾಯ್ತು? ಅದಕ್ಕೆ ಮೊದಲು, ಎಲ್ಲರೂ ಸೇರಿದಾಗ ನೀವೂ ಏನಾದ್ರೂ ತಗೊಳ್ತಿದ್ರಾ?' ಬೈಯುವ ದನಿ ಇಲ್ಲ, ಕೇಳಬೇಕಾದ್ದು ಬಿಡಲಿಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಂತಿದ್ದು 2007ರ ಜುಲೈನಲ್ಲಿ, ಹಾಗಾಗಿ ಈಗ ಜೈಲಿನಲ್ಲಿರುವವರಲ್ಲಿ ಅದಕ್ಕೆ ಮೊದಲು ಇಲ್ಲಿ ಹುಟ್ಟಿದವರೆಲ್ಲ ಸಾರಾಯಿ ಮಾರುತ್ತಿದ್ದ ಕಾಲದವರೇ. ಹಾಗಂತ ಕೂಲಿಯವರ ಮನೆಯಲ್ಲಿ ಮಾತ್ರ ಈ ಪ್ರಶ್ನೆ ಕೇಳಿ ಕಾರಿನಲ್ಲಿ ಬರುವ ತಾಯಿಯನ್ನು ಬಿಡುವುದು ಸರಿಯಲ್ಲ. ವೈನ್ ಆದರೂ ಬೈನೆ ಕಳ್ಳಾದರೂ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆ ಬಸುರಿಗೆ ಇಲ್ಲ. ಬಾಣಂತಿಗೆ ಬ್ರಾಂದಿ ಕೊಡುವ ರೂಢಿಯ ಬಗ್ಗೆ ತೀರ್ಥಹಳ್ಳಿಯವರೊಬ್ಬರು ಕೇಳಿದರು. ಅದು ಹೆರಿಗೆಯಾದ ಮೇಲಿನ ಮಾತು, ಅದರಿಂದ ಎಫ್‌ಎಎಸ್‌ಡಿ ಬರುವುದಿಲ್ಲ, ಆದರೆ ಹಾಲು ಕುಡಿಯುವ ಮಗುವಿಗೆ ಅದೂ ಒಳ್ಳೆಯದಲ್ಲ ಅಂತ ಉತ್ತರ ಬಂತು.

ಅನುಮಾನ ಬಂದರೆ ಎಲ್ಲಿಗೆ ಕಳಿಸಬೇಕು ಅನ್ನುವುದನ್ನೂ ಹೇಳಲಿಲ್ಲ. ಇದನ್ನು ಒಬ್ಬರೇ ಕೂತು ತೀರ್ಮಾನಿಸಲು ಆಗುವುದಿಲ್ಲ. ಮಕ್ಕಳ ಡಾಕ್ಟರು, ಮನೋವೈದ್ಯರು, ಮನಃಶಾಸ್ತ್ರಜ್ಞರು, ಮಾತಿನ ತಜ್ಞರು ಸೇರಿ ನೋಡಬೇಕು. ಇಲ್ಲಿನ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ನಲ್ಲಿ ಶುರು ಮಾಡಿ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು ಅಂತ ಊಟದ ಸಾಲಿನಲ್ಲಿ ನಾವು ನಾವೇ ಮಾತಾಡಿಕೊಂಡಿದ್ದು. ಸ್ಲೈಡು, ನೋಟ್ಸು ಎರಡೂ ಇಂಗ್ಲಿಷ್‌ನಲ್ಲಿವೆ. ಸೊರಬ, ಹೊಸನಗರದಿಂದ ಬಂದವರು ಅದನ್ನು ತಮ್ಮ ಆಫೀಸಿನಲ್ಲಿ ಯಾರಿಗೆ ಓದಿ ಹೇಳಬೇಕು?

ಇಷ್ಟೆಲ್ಲ ಬೈದರೂ ಹೋಗಿ ಅಂತಲೇ ಹೇಳುತ್ತೇನೆ, ಅದರಲ್ಲೂ ಪೋಕ್ಸೋ ಕೇಸು ನೋಡುವವರು. ಮಳೆಗಾಲ ಮುಗಿದ ಮೇಲೆ ಇನ್ನೊಂದು ಬ್ಯಾಚ್ ಇದೆಯಂತೆ. ಹೆಸರು ಕೊಡುವಾಗಲೇ ಕನ್ನಡ ನೋಟ್ಸ್ ಕೇಳಿ, ಮಧ್ಯಾಹ್ನ ಪೂರ್ತಿ ಕೇಸ್ ಚರ್ಚೆಗೆ ಬಿಡಿ ಅಂತ ಹೇಳಿ. ನಾನು ಫೀಡ್‌ಬ್ಯಾಕ್ ಫಾರಂನಲ್ಲಿ ಅದನ್ನೇ ಬರೆದು ಬಂದಿದ್ದೇನೆ.